ಪೆನ್ಸಿಲ್ ಸೆಲ್ಲಿನ ಗೆಲುವು

2008ರಲ್ಲಿ ಹೆಚ್ಚೂಕಡಿಮೆ ಒಂದೇ ಬೆಲೆಗೆ ಮಾರಾಟಕ್ಕಿದ್ದ ಎರಡು ಪುಟಾಣಿ ಕ್ಯಾಮೆರಾಗಳು. ಒಂದು ದಪ್ಪ, ಇನ್ನೊಂದು ತೆಳು. ಆಗ ಎಲ್ಲರ ಕಣ್ಣು ತೆಳ್ಳಗಿನದರ ಮೇಲೆ. ಹಳೇ ಡಿಜಿಕ್ಯಾಮ್ ಹುಚ್ಚು ಮತ್ತೆ ಹತ್ತಿರುವ ಈ ದಸರೆಯಲ್ಲಿ ಕೊಳ್ಳುವುದಾದರೆ ಯಾವುದು?

ಮೈಸೂರು ಅರಮನೆಯ ದೀಪ ಹತ್ತುವುದು ಒಂದೇ ಏಟಿಗೆ. ಅಷ್ಟು ಹೊತ್ತು ಕತ್ತಲಲ್ಲಿ ಕರಗುತ್ತಿದ್ದ ಗೋಪುರ, ಕಮಾನು, ಬಾಗಿಲುಗಳೆಲ್ಲ ಸುಮಾರು ಒಂದು ಲಕ್ಷ ಬಲ್ಬುಗಳ ಬೆಳಕಲ್ಲಿ ಎದ್ದು ನಿಲ್ಲುತ್ತವೆ. ಜನ ‘ಹೋ’ ಎನ್ನುತ್ತಾರೆ. ಮರುಗಳಿಗೆ ಎಲ್ಲರ ತಲೆಯ ಮೇಲೂ ಫೋನು.

ಆ ಗುಂಪಿನ ನಡುವೆ ಕಾಲೇಜು ಹುಡುಗಿಯೊಬ್ಬಳು ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾ ಎತ್ತುತ್ತಾಳೆ. ಅವಳು ಒಂದನೇ ಕ್ಲಾಸಿಗೆ ಸೇರುವ ಮೊದಲೇ ಅಮ್ಮ ಕೊಂಡಿದ್ದಿರಬೇಕು. ಲೆನ್ಸು ಕಿರ್ರೆಂದು ಹೊರಬರುತ್ತದೆ, ಬಟನ್ ಒತ್ತುತ್ತಾಳೆ, ಫ್ಲ್ಯಾಶ್ ಛಳ್ಳನೆ ಹೊಡೆಯುತ್ತದೆ. ಮುಂದೆ ನಿಂತಿದ್ದ ಹಿರಿಯರ ಬಿಳಿ ಕಾಲರು ಹೊಳೆಯುತ್ತದೆ. ಸ್ಕ್ರೀನಿನಲ್ಲಿ ಕಾಲರೊಂದೇ ಇದೆ, ಅರಮನೆ ನಾಪತ್ತೆ. ಗೆಳತಿಯರಿಗೆ ನಗುವೋ ನಗು. ‘ಏ, ಇನ್ನೊಂದ್ಸಲ ತೆಗಿಯೇ, ಸಖತ್ತಾಗಿದೆ!’

ಜೇಬಿನಲ್ಲಿ ಇದಕ್ಕಿಂತ ಹತ್ತುಪಟ್ಟು ಜಾಣ ಫೋನ್ ಇರುವಾಗ ಈ ಕಷ್ಟ ಯಾಕೆ?

ಫೋನಿನ ಜಾಣತನವೇ ಅದಕ್ಕೆ ಕಾರಣ. ಇವತ್ತಿನ ಫೋನು ನೀವು ಒಮ್ಮೆ ಬಟನ್ ಮುಟ್ಟಿದರೆ ಸಾಲಾಗಿ ಹಲವು ಚಿತ್ರ ತೆಗೆದು, ಎಲ್ಲವನ್ನೂ ಒಂದರೊಳಗೊಂದು ಬೆರೆಸುತ್ತದೆ. ನೆರಳನ್ನು ಎತ್ತುತ್ತದೆ, ಬೆಳಕನ್ನು ತಗ್ಗಿಸುತ್ತದೆ, ಕೇಳದಿದ್ದರೂ ಮುಖದ ಗುಳ್ಳೆ ಒರೆಸುತ್ತದೆ. ಎಲ್ಲರ ಫೋಟೊ ಒಂದೇ ಥರ ಚೆಂದ. ಹಳೇ ಡಿಜಿಕ್ಯಾಮ್‌ಗೆ ಈ ವಿದ್ಯೆ ಗೊತ್ತಿಲ್ಲ. ಒಂದು ಕ್ಲಿಕ್, ಒಂದು ಚಿತ್ರ. ಕಪ್ಪು ಕಪ್ಪಾಗಿಯೇ ಉಳಿಯುತ್ತದೆ, ಫ್ಲ್ಯಾಶ್ ಬಿದ್ದ ಮುಖ ಬೆಳ್ಳಗೆ ಮಿನುಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹುಡುಗರಿಗೆ ಬೇಕಾಗಿರುವುದು ಈ ಒರಟುತನ.

ಹೀಗಾಗಿ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹಳೇ ಚಾರ್ಜರುಗಳ ರಾಶಿಯಲ್ಲಿ ಬಿದ್ದಿರುತ್ತಿದ್ದ ಕ್ಯಾಮೆರಾಗಳನ್ನು ಈಗ ಕೈಗೆತ್ತಿಕೊಂಡು, ಊದಿ, ಆನ್ ಮಾಡಿ ನೋಡುವವರಿದ್ದಾರೆ. ಚೌಕಾಸಿಯ ಮಾತು ಮಾತ್ರ ಹಳೆಯದೇ: ‘ಎಷ್ಟು ಮೆಗಾಪಿಕ್ಸೆಲ್?’

ಅದು ತಪ್ಪು ಪ್ರಶ್ನೆ. ಯಾಕೆಂದು ತೋರಿಸಲು ಎರಡು ಕ್ಯಾಮೆರಾ ಸಾಕು.

ಜನವರಿಯ ಜೋಡಿ

ಕ್ಯಾನನ್ ಪವರ್‌ಶಾಟ್ ಎ590 ಐಎಸ್ ಮತ್ತು ಸೋನಿ ಸೈಬರ್‌ಶಾಟ್ ಡಬ್ಲ್ಯು120. ಎರಡೂ ಘೋಷಣೆಯಾದದ್ದು 2008ರ ಜನವರಿಯಲ್ಲಿ. ಎರಡರ ಬೆಲೆಯೂ ಅಮೆರಿಕದಲ್ಲಿ 200 ಡಾಲರ್ ಆಸುಪಾಸು. ಅಂದರೆ ಮಧ್ಯಮ ವರ್ಗದ ಮನೆ ಒಂದು ಬೋನಸ್ ಬಂದಾಗ ಧೈರ್ಯ ಮಾಡಬಹುದಾದ ಕ್ಯಾಮೆರಾಗಳು. ಕೊಡಾಕ್ ಕೆಬಿ-10ಗೆ ರೀಲು ಹಾಕಿ, ಮೂವತ್ತಾರು ಮುಗಿಯುವವರೆಗೆ ಕಾದು, ಸ್ಟುಡಿಯೊಗೆ ಅಲೆದ ಮನೆಗಳಿಗೆ ಬಂದ ಮೊದಲ ಡಿಜಿಟಲ್ ಕ್ಯಾಮೆರಾ ಬಹುತೇಕ ಈ ಜಾತಿಯದ್ದೇ.

ಆ ಕಾಲ ಹೇಗಿತ್ತೆಂದು ನೆನಪಿಸಿಕೊಳ್ಳಿ. ಅದೇ ವರ್ಷ ಭಾರತಕ್ಕೆ ಕಾಲಿಟ್ಟ ಐಫೋನ್ 3ಜಿಯ ಕ್ಯಾಮೆರಾ 2 ಮೆಗಾಪಿಕ್ಸೆಲ್. ಫ್ಲ್ಯಾಶ್ ಇಲ್ಲ, ವಿಡಿಯೊ ಇಲ್ಲ. ಫೋನು ಕ್ಯಾಮೆರಾದ ಅನ್ನ ಕಸಿಯುತ್ತದೆಂದು ಯಾರಿಗೂ ಅನ್ನಿಸಿರಲಿಲ್ಲ. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾದ ಲೆಕ್ಕದಲ್ಲಿ 2010ರಲ್ಲಿ ಅಂಗಡಿಗಳಿಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. ಅದರಲ್ಲಿ ಸಿಂಹಪಾಲು ಇಂಥ ಕಾಂಪ್ಯಾಕ್ಟ್‌ಗಳದ್ದು. 2023ರ ಹೊತ್ತಿಗೆ ಕಾಂಪ್ಯಾಕ್ಟ್‌ಗಳು ಸುಮಾರು 17 ಲಕ್ಷಕ್ಕೆ ಇಳಿದಿದ್ದವು. ಮರುವರ್ಷ ಸಂಖ್ಯೆ ತುಸು ಮೇಲೆದ್ದಿತು. ಆ ಅರಮನೆ ಹುಡುಗಿಯಂಥವರ ಕೃಪೆ.

■ ಇಬ್ಬರ ಜಾತಕ

*ಕ್ಯಾನನ್ ಎ590 ಐಎಸ್:* 8 ಮೆಗಾಪಿಕ್ಸೆಲ್ ಸಿಸಿಡಿ. 4 ಪಟ್ಟು ಜೂಮ್ (35–140 ಮಿ.ಮೀ.ಗೆ ಸಮ). ಎರಡು ಪೆನ್ಸಿಲ್ ಸೆಲ್. ಎಸ್‌ಡಿ ಕಾರ್ಡ್. ಡಯಲ್‌ನಲ್ಲಿ ಪೂರ್ತಿ ಮ್ಯಾನ್ಯುಯಲ್ ಮೋಡ್. ದಪ್ಪ ಸುಮಾರು 4 ಸೆಂ.ಮೀ.

*ಸೋನಿ ಡಬ್ಲ್ಯು120:* 7.2 ಮೆಗಾಪಿಕ್ಸೆಲ್ ಸಿಸಿಡಿ. 4 ಪಟ್ಟು ಜೂಮ್ (32–128 ಮಿ.ಮೀ.ಗೆ ಸಮ), ಕಾರ್ಲ್ ಝೈಸ್ ಹೆಸರಿನ ಲೆನ್ಸ್. ಎನ್‌ಪಿ-ಬಿಜಿ1 ಲಿಥಿಯಂ ಬ್ಯಾಟರಿ. ಮೆಮೊರಿ ಸ್ಟಿಕ್ ಡುಯೊ. ನಗುವನ್ನು ಗುರುತಿಸಿ ತಾನೇ ಕ್ಲಿಕ್ಕಿಸುವ ಸ್ಮೈಲ್ ಶಟರ್. ದಪ್ಪ ಸುಮಾರು 2.3 ಸೆಂ.ಮೀ.

*ಇಬ್ಬರಿಗೂ ಇರುವುದು:* ಕೈ ನಡುಕ ತಡೆಯುವ ಆಪ್ಟಿಕಲ್ ಸ್ಟೆಬಿಲೈಸೇಶನ್, 2.5 ಇಂಚಿನ ಮಂಕು ಸ್ಕ್ರೀನ್, ಕಣ್ಣಿಟ್ಟು ನೋಡುವ ವ್ಯೂಫೈಂಡರ್.

ಚಿಕ್ಕುಗುರಿನಷ್ಟು ಜಾಗ

ಎರಡೂ ಕ್ಯಾಮೆರಾಗಳ ಹೊಟ್ಟೆಯಲ್ಲಿರುವ ಸೆನ್ಸರಿನ ಅಳತೆ ಒಂದೇ. ಅಗಲ ಸುಮಾರು 5.8 ಮಿಲಿಮೀಟರ್, ಎತ್ತರ 4.3. ಕಿರುಬೆರಳ ಉಗುರಿಗಿಂತ ಚಿಕ್ಕದು. ಅಷ್ಟರಲ್ಲೇ ಒಬ್ಬರು 80 ಲಕ್ಷ ಚುಕ್ಕಿ ತುರುಕಿದ್ದಾರೆ, ಇನ್ನೊಬ್ಬರು 72 ಲಕ್ಷ. ಈ ಎಂಟು ಲಕ್ಷದ ಅಂತರ ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಸ್ಟುಡಿಯೊದಲ್ಲಿ 4×6 ಇಂಚಿನ ಪ್ರಿಂಟ್ ಹಾಕಿಸಲು ಬೇಕಿರುವುದು 2 ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು, ಅಷ್ಟೆ. 8 ಮೆಗಾಪಿಕ್ಸೆಲ್ ಇದ್ದರೆ ಎ4 ಹಾಳೆಯ ಹತ್ತಿರ ಹತ್ತಿರ ಹೋಗಬಹುದು. ಇನ್‌ಸ್ಟಾಗ್ರಾಂಗೆ ಎರಡೂ ಬೇಕಾದಷ್ಟಾಯಿತು.

‘ಸಿಸಿಡಿ ಸೆನ್ಸರ್, ಅದಕ್ಕೇ ಈ ಬಣ್ಣ’ ಎಂದು ಮಾರುವವರು ಹೇಳುತ್ತಾರೆ, ಅದಕ್ಕೊಂದು ಬೆಲೆಯನ್ನೂ ಕಟ್ಟುತ್ತಾರೆ. ಅರ್ಧ ಸತ್ಯ. ಸೆನ್ಸರಿಗೆ ಬಣ್ಣ ತಿಳಿಯುವುದೇ ಇಲ್ಲ, ಅದು ಬೆಳಕಿನ ಪ್ರಮಾಣವನ್ನಷ್ಟೇ ಅಳೆಯುತ್ತದೆ. ಅದರ ಮೇಲೆ ಹಾಸಿದ ಕೆಂಪು, ಹಸಿರು, ನೀಲಿ ಫಿಲ್ಟರುಗಳು, ಆಮೇಲೆ ಒಳಗಿನ ಚಿಪ್ ಹಾಕುವ ಲೆಕ್ಕ, ಇವೆರಡು ಸೇರಿ ಬಣ್ಣ ಹುಟ್ಟುತ್ತದೆ. ಕ್ಯಾನನ್‌ನಲ್ಲಿ ಆ ಲೆಕ್ಕ ಹಾಕುವುದು ಡಿಜಿಕ್ 3. ಹಳೇ ಡಿಜಿಕ್ಯಾಮ್‌ನ ‘ಲುಕ್’ ಎಂಬುದರಲ್ಲಿ ದೊಡ್ಡ ಪಾಲು ಲೆನ್ಸಿನ ಪಕ್ಕದಲ್ಲೇ ಕೂತ ಆ ಪುಟ್ಟ ಫ್ಲ್ಯಾಶಿನದು. ಎದುರಿನಿಂದ ನೇರ ಬೀಳುವ ಬೆಳಕು ಮುಖದ ಮೇಲೆ ನೆರಳೇ ಇಲ್ಲದಂತೆ ಮಾಡಿ, ಹಿಂದಿನದನ್ನೆಲ್ಲ ಕತ್ತಲಿಗೆ ತಳ್ಳುತ್ತದೆ.

ಸಿಸಿಡಿಗೇ ಮೀಸಲಾದ ಒಂದು ಗುಣ ಕಣ್ಣಾರೆ ನೋಡಬೇಕೆಂದರೆ ಬೆಳಗುತ್ತಿರುವ ಅರಮನೆಯತ್ತ ಹಿಡಿಯಿರಿ. ಸ್ಕ್ರೀನಿನಲ್ಲಿ ಪ್ರಖರ ದೀಪವಿರುವ ಕಡೆ ಮೇಲಿಂದ ಕೆಳಕ್ಕೆ ನೇರಳೆ ಛಾಯೆಯ ಬಿಳಿ ಗೆರೆ ಎಳೆದಂತೆ ಕಾಣುತ್ತದೆ. ಕೈ ಅಲ್ಲಾಡಿಸಿದರೆ ಗೆರೆಯೂ ಜೊತೆಗೇ ಬರುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗುವುದು ಬೇಡ. ಸಿಸಿಡಿಯಲ್ಲಿ ವಿದ್ಯುತ್ ಕಣಗಳು ಸಾಲುಸಾಲಾಗಿ ಕೆಳಗೆ ಸಾಗಿ ಹೊರಬೀಳುತ್ತವೆ. ಸಾಗುವ ದಾರಿಯಲ್ಲೂ ಬೆಳಕು ಬೀಳುತ್ತಿದ್ದರೆ ಈ ಗೆರೆ. ಫೋಟೊ ತೆಗೆಯುವ ಕ್ಷಣದಲ್ಲಿ ಶಟರ್ ಮುಚ್ಚಿಕೊಳ್ಳುವುದರಿಂದ ಚಿತ್ರದಲ್ಲಿ ಅದು ಬರುವುದಿಲ್ಲ. ವಿಡಿಯೊದಲ್ಲಿ ಬರುತ್ತದೆ.

ಫ್ಲ್ಯಾಶ್ ಆರಿಸಿ, ಗೋಡೆ ಹುಡುಕಿ

ಆ ಹುಡುಗಿಗೆ ಅರಮನೆ ಸಿಗದೇ ಹೋದದ್ದು ಯಾಕೆಂದರೆ ಇಂಥ ಫ್ಲ್ಯಾಶಿನ ಬೆಳಕು ಮುಟ್ಟುವುದು ಮೂರು-ನಾಲ್ಕು ಮೀಟರ್. ಅಷ್ಟರೊಳಗೆ ಇದ್ದದ್ದು ಹಿರಿಯರ ಕಾಲರು ಮಾತ್ರ.

ಕ್ಯಾನನ್ ಗೆಲ್ಲುವ ಮೊದಲ ಜಾಗ ಇದು. ಡಯಲನ್ನು ‘ಎಂ’ಗೆ ತಿರುಗಿಸಿ. ಫ್ಲ್ಯಾಶ್ ಆರಿಸಿ. ಐಎಸ್ಒ 80ಕ್ಕೆ ಇಳಿಸಿ, ಶಟರನ್ನು ಅರ್ಧ ಸೆಕೆಂಡಿಗೆ ಇಡಿ. ಕ್ಯಾಮೆರಾವನ್ನು ಕಟ್ಟೆಯ ಮೇಲೋ ಗೋಡೆಯ ಮೇಲೋ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ಬಿಡಿ. ಚಿತ್ರ ಮಬ್ಬಾಗಿದ್ದರೆ ಒಂದು ಸೆಕೆಂಡು, ತೀರಾ ಬೆಳಗಿದ್ದರೆ ಕಾಲು ಸೆಕೆಂಡು. ಈ ಕ್ಯಾಮೆರಾ 15 ಸೆಕೆಂಡಿನವರೆಗೂ ಶಟರ್ ತೆರೆದಿಡಬಲ್ಲದು. ಬಲ್ಬುಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಮೂಡಿದ ಅರಮನೆಯನ್ನು ಸ್ಕ್ರೀನಿನಲ್ಲಿ ನೋಡಿದವರು ಮತ್ತೆ ಆಟೊ ಮೋಡಿಗೆ ಹೋಗುವುದು ಕಡಿಮೆ.

ಸೋನಿಯಲ್ಲಿ ಈ ಸ್ವಾತಂತ್ರ್ಯವಿಲ್ಲ. ರಾತ್ರಿ ದೃಶ್ಯಕ್ಕೆಂದು ಒಂದು ‘ಟ್ವಿಲೈಟ್’ ಮೋಡ್ ಇದೆ. ಅದನ್ನು ಆರಿಸಿ, ಗೋಡೆಯ ಮೇಲಿಟ್ಟು, ದೇವರ ಮೇಲೆ ಭಾರ ಹಾಕಬೇಕು. ಎಷ್ಟೋ ಸಲ ಚೆನ್ನಾಗಿಯೇ ಬರುತ್ತದೆ. ಬರದಿದ್ದಾಗ ಮಾಡಲು ಏನೂ ಉಳಿದಿರುವುದಿಲ್ಲ.

ಹಗಲು ಹೊತ್ತಿನ ಮಾತೇ ಬೇರೆ. ಗೊಂಬೆ ಕೂರಿಸಿದ ಮನೆಯ ನಡುಮನೆಯಲ್ಲಿ ಅತ್ತೆ, ಚಿಕ್ಕಮ್ಮ, ಮಕ್ಕಳನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯಬೇಕಾದಾಗ ಸೋನಿ ಮುಂದೆ. ಅದರ 32 ಮಿ.ಮೀ. ನೋಟ ಕ್ಯಾನನ್‌ನ 35ಕ್ಕಿಂತ ಅಗಲ. ಮೂರು ಮೀಟರ್ ದೂರದಿಂದ ತೆಗೆದರೆ ಸುಮಾರು ಕಾಲು ಮೀಟರಿನಷ್ಟು ಹೆಚ್ಚುವರಿ ಜಾಗ ಸಿಗುತ್ತದೆ. ಅಂಚಿನಲ್ಲಿ ನಿಂತು ಪ್ರತಿ ಫೋಟೊದಲ್ಲೂ ಅರ್ಧ ಕತ್ತರಿಸಿ ಹೋಗುವ ಭಾವನಿಗೆ ಅದು ದೊಡ್ಡ ಉಪಕಾರ. ಸ್ಮೈಲ್ ಶಟರ್ ಮಕ್ಕಳಿರುವ ಮನೆಯಲ್ಲಿ ಮಜವಾದ ಆಟಿಕೆ. ಬಿಗುಮುಖದ ಮಾವನವರ ಮುಂದೆ ಅದರ ಆಟ ನಡೆಯುವುದಿಲ್ಲ.

ತೆಳ್ಳಗಿದ್ದೂ ಸೋನಿ ಗಟ್ಟಿಮುಟ್ಟು. ಷರ್ಟಿನ ಜೇಬಿನಲ್ಲಿ ಕೂರುತ್ತದೆ. ಕ್ಯಾನನ್ ಕೂರುವುದಿಲ್ಲ, ಕೂರಿಸಿದರೆ ಷರ್ಟು ಒಂದು ಕಡೆಗೆ ಜೋತುಬೀಳುತ್ತದೆ. 2008ರ ಗಿರಾಕಿ ಸೋನಿಯನ್ನು ಎತ್ತಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಂದು ನಾನಾದರೂ ಅದನ್ನೇ ಸೂಚಿಸುತ್ತಿದ್ದೆ.

■ ಟೇಪಿಗೆ ಹೋದ ಫೋಟೊ

1975ರಲ್ಲಿ ಅಮೆರಿಕದ ರಾಚೆಸ್ಟರ್‌ನ ಕೊಡಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದ ತೂಕ ಸುಮಾರು 3.6 ಕಿಲೊ. ಚಿತ್ರ 100×100 ಚುಕ್ಕಿ, ಅಂದರೆ 0.01 ಮೆಗಾಪಿಕ್ಸೆಲ್, ಅದೂ ಕಪ್ಪು-ಬಿಳುಪು. ಒಂದು ಫೋಟೊ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಡಿಜಿಟಲ್ ಬಣ್ಣಕ್ಕೆ ದಾರಿ ಮಾಡಿಕೊಟ್ಟ ಫಿಲ್ಟರಿಗೆ 1976ರಲ್ಲಿ ಪೇಟೆಂಟ್ ಪಡೆದ ಬ್ರೈಸ್ ಬೇಯರ್ ಕೂಡ ಕೊಡಾಕ್‌ನವರೇ. ಎರಡನ್ನೂ ಕೈಯಲ್ಲಿಟ್ಟುಕೊಂಡು ರೀಲನ್ನೇ ನಂಬಿ ಕೂತ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಇವತ್ತು ಮಾರುಕಟ್ಟೆಯಲ್ಲಿರುವ ‘ಕೊಡಾಕ್ ಪಿಕ್ಸ್‌ಪ್ರೊ’ ಕ್ಯಾಮೆರಾಗಳು ಆ ಹೆಸರನ್ನು ಬಳಸಲು ಪರವಾನಗಿ ಪಡೆದ ಜೆಕೆ ಇಮೇಜಿಂಗ್ ಎಂಬ ಬೇರೆ ಕಂಪನಿಯವು.

ಹೊಟ್ಟೆಗೇನು ಹಾಕುತ್ತೀರಿ?

ಈಗ ಅಸಲು ವಿಷಯ. ಹದಿನೈದು ವರ್ಷ ಮೀರಿದ ಕ್ಯಾಮೆರಾ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಎರಡೇ: ಇದಕ್ಕೆ ಬ್ಯಾಟರಿ ಸಿಗುತ್ತದೆಯೇ? ಇದಕ್ಕೆ ಕಾರ್ಡು ಸಿಗುತ್ತದೆಯೇ?

ಸೋನಿಯ ಎನ್‌ಪಿ-ಬಿಜಿ1 ಆ ಕಂಪನಿಯ ಕ್ಯಾಮೆರಾಗಳಿಗೇ ಅಳತೆ ಮಾಡಿದ ಬ್ಯಾಟರಿ. ಅಂದಿನ ಬ್ಯಾಟರಿ ಇಂದು ಬದುಕಿದ್ದರೂ ಚಾರ್ಜ್ ಹಿಡಿಯುವುದು ಅಷ್ಟಕ್ಕಷ್ಟೆ. ಕೆಲವು ಊದಿಕೊಂಡು ಹೊರಬರುವುದೇ ಇಲ್ಲ. ಬೇರೆ ಕಂಪನಿಗಳು ಮಾಡಿದ ಬದಲಿ ಬ್ಯಾಟರಿಗಳು ಆನ್‌ಲೈನ್‌ನಲ್ಲಿವೆ, ಗುಣಮಟ್ಟ ಅದೃಷ್ಟದ ಮೇಲೆ. ಚಾರ್ಜರನ್ನೂ ಬೇರೆ ಹುಡುಕಬೇಕು.

ಕ್ಯಾನನ್‌ಗೆ ಬೇಕಿರುವುದು ಗೋಡೆ ಗಡಿಯಾರಕ್ಕೆ, ಟಿ.ವಿ. ರಿಮೋಟಿಗೆ ಹಾಕುವ ಅಳತೆಯದೇ ಎರಡು ಸೆಲ್. ಇದೇ ಅದರ ಶಾಪವೆಂದು ಆಗ ಬೈಯುತ್ತಿದ್ದರು. ಬೈಗುಳಕ್ಕೆ ಕಾರಣವೂ ಇತ್ತು. ಪೆಟ್ಟಿಗೆ ಅಂಗಡಿಯ ಮಾಮೂಲಿ ಸೆಲ್ ಹಾಕಿದರೆ ನಾಲ್ಕಾರು ಫೋಟೊಗೆ ‘ಬ್ಯಾಟರಿ ಬದಲಿಸಿ’ ಎನ್ನುತ್ತಿತ್ತು. ಅದೇ ಸೆಲ್ಲನ್ನು ತೆಗೆದು ಗಡಿಯಾರಕ್ಕೆ ಹಾಕಿದರೆ ತಿಂಗಳುಗಟ್ಟಲೆ ಓಡುತ್ತಿತ್ತು!

ಇದರಲ್ಲಿ ಮೋಸವೇನಿಲ್ಲ. ಜೂಮ್ ಮೋಟರ್ ತಿರುಗುವಾಗ, ಫ್ಲ್ಯಾಶ್ ಚಾರ್ಜ್ ಆಗುವಾಗ ಕ್ಯಾಮೆರಾ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ. ಸಾಧಾರಣ ಸೆಲ್ಲಿನ ಒಳಗಿನ ತಡೆ ಜಾಸ್ತಿ. ಎಳೆದ ತಕ್ಷಣ ಅದರ ವೋಲ್ಟೇಜ್ ಕುಸಿಯುತ್ತದೆ, ಸೆಲ್ ಸತ್ತಿತೆಂದು ಕ್ಯಾಮೆರಾ ತೀರ್ಮಾನಿಸುತ್ತದೆ. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ವೋಲ್ಟೇಜ್ ಹಾಗೆ ನೋಡಿದರೆ ಕಡಿಮೆ, 1.5ರ ಬದಲು 1.2. ಆದರೆ ಎಷ್ಟೇ ಎಳೆದರೂ ಅದು ಬಗ್ಗುವುದಿಲ್ಲ. ಆಲ್ಕಲೈನ್ ಸೆಲ್ ಹಾಕಿ ತೆಗೆಯುವುದಕ್ಕಿಂತ ಎರಡುಪಟ್ಟು ಫೋಟೊ ಇದರಲ್ಲಿ ಆರಾಮಾಗಿ ಸಿಗುತ್ತವೆ. ಡ್ರಾಯರಿನಲ್ಲಿ ಇಟ್ಟರೂ ಚಾರ್ಜ್ ಸೋರದ ಸೆಲ್ಲುಗಳು 2005ರಲ್ಲಿ ಸ್ಯಾನ್ಯೊ ಕಂಪನಿಯ ಎನೆಲೂಪ್‌ನಿಂದ ಶುರುವಾದವು. ಈಗ ಹಲವು ಕಂಪನಿಗಳದ್ದು ಸಿಗುತ್ತವೆ. ಇಂಥ ನಾಲ್ಕು ಸೆಲ್ ಮತ್ತು ಒಂದು ಚಾರ್ಜರ್ ಇದ್ದರೆ ಎ590 ಹೊಸ ಕ್ಯಾಮೆರಾದಂತೆ ಓಡುತ್ತದೆ. ಪ್ರವಾಸದಲ್ಲಿ ಚಾರ್ಜ್ ಮುಗಿದರೆ ಯಾವ ಬಸ್ ಸ್ಟ್ಯಾಂಡಿನಲ್ಲಾದರೂ ಆಲ್ಕಲೈನ್ ಸೆಲ್ ಕೊಂಡು ದಿನ ದೂಡಬಹುದು.

ಕಾರ್ಡಿನ ಕಥೆಯೂ ಇದೇ. ಸೋನಿ 1998ರಲ್ಲಿ ತನ್ನದೇ ಮೆಮೊರಿ ಸ್ಟಿಕ್ ತಂದಿತು. ಮರುವರ್ಷ ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್, ತೋಶಿಬಾ ಒಟ್ಟಾಗಿ ಎಸ್‌ಡಿ ಕಾರ್ಡ್ ಹುಟ್ಟುಹಾಕಿದವು. ಜಗತ್ತು ಎಸ್‌ಡಿ ಕಡೆ ಹೋಯಿತು. 2010ರಲ್ಲಿ ಸೋನಿಯೂ ತನ್ನ ಕ್ಯಾಮೆರಾಗಳಲ್ಲಿ ಎಸ್‌ಡಿಗೆ ಜಾಗ ಕೊಟ್ಟಿತು, ಆದರೆ ಡಬ್ಲ್ಯು120 ಅದಕ್ಕಿಂತ ಹಿಂದಿನದು. ಮೈಕ್ರೊ ಎಸ್‌ಡಿಯನ್ನು ಮೆಮೊರಿ ಸ್ಟಿಕ್ ವೇಷ ತೊಡಿಸುವ ಅಡಾಪ್ಟರ್ ಸಿಗುತ್ತದೆ. ಅಷ್ಟರ ಮಟ್ಟಿಗೆ ಸೋನಿ ಬದುಕಿತು.

ಕ್ಯಾನನ್‌ಗೆ ಇಂದಿಗೂ ಹೊಸ ಎಸ್‌ಡಿ ಕಾರ್ಡ್ ನಡೆಯುತ್ತದೆ. ಒಂದು ಎಚ್ಚರಿಕೆ: 32 ಜಿಬಿ ದಾಟಬೇಡಿ. 64 ಜಿಬಿ ಮತ್ತು ಮೇಲಿನವು ಎಸ್‌ಡಿಎಕ್ಸ್‌ಸಿ ಎಂಬ ಬೇರೆ ಪೀಳಿಗೆ, 2008ರ ಕ್ಯಾಮೆರಾಕ್ಕೆ ಅವುಗಳ ಭಾಷೆ ಬಾರದು. 4 ಅಥವಾ 8 ಜಿಬಿ ಧಾರಾಳ ಸಾಕು.

ಹಟ ಹಿಡಿದವರಿಗೆ ಕ್ಯಾನನ್‌ನಲ್ಲಿ ಇನ್ನೊಂದು ಗುಪ್ತನಿಧಿಯಿದೆ. ಸಿಎಚ್‌ಡಿಕೆ ಎಂಬ ತಂತ್ರಾಂಶವನ್ನು ಹವ್ಯಾಸಿ ಪ್ರೋಗ್ರಾಮರುಗಳು ಕಟ್ಟಿದ್ದಾರೆ, ಕಂಪನಿಗೆ ಸಂಬಂಧವಿಲ್ಲ. ಅದಕ್ಕೆಂದು ತಯಾರು ಮಾಡಿದ ಕಾರ್ಡಿನ ಪಕ್ಕದ ಲಾಕ್ ಗುಂಡಿಯನ್ನು ಕೆಳಕ್ಕೆ ತಳ್ಳಿ ಹಾಕಿದರೆ ಕ್ಯಾಮೆರಾ ಆನ್ ಆಗುವಾಗ ಅದು ತಾನೇ ಎಚ್ಚರಗೊಳ್ಳುತ್ತದೆ. ಲಾಕ್ ತೆಗೆದು ಹಾಕಿದರೆ ಮಾಮೂಲಿ ಕ್ಯಾಮೆರಾ. ಅದರಿಂದ ಈ ಅಗ್ಗದ ಡಬ್ಬಿ ಕೂಡ ರಾ ಫೈಲ್ ಬರೆಯುತ್ತದೆ, ಇಷ್ಟು ಸೆಕೆಂಡಿಗೊಂದು ಫೋಟೊ ಎಂದು ತಾನಾಗಿ ತೆಗೆಯುತ್ತ ಕೂರುತ್ತದೆ. ಎ590 ಅದರ ಪಟ್ಟಿಯಲ್ಲಿದೆ. ಸೋನಿಗೆ ಈ ಭಾಗ್ಯವಿಲ್ಲ.

■ ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೇ

ಸೆಲ್ ಮತ್ತು ಕಾರ್ಡನ್ನು ಮನೆಯಿಂದಲೇ ಒಯ್ಯಿರಿ. ‘ಚಾರ್ಜ್ ಇಲ್ಲ, ಆದ್ರೆ ಓಡುತ್ತೆ ಸಾರ್’ ಎಂಬ ಮಾತಿಗೆ ಮರುಳಾಗಬೇಡಿ. ಲೆನ್ಸು ಪೂರ್ತಿ ಹೊರಬಂದು ಒಳಹೋಗಲಿ, ಜೂಮಿನ ಎರಡೂ ತುದಿಯಲ್ಲಿ ಫೋಕಸ್ ನೋಡಿ. ಬಿಳಿ ಗೋಡೆಯ ಫೋಟೊ ತೆಗೆದು ದೊಡ್ಡದು ಮಾಡಿ: ಕಪ್ಪು ಮಚ್ಚೆ ಕಂಡರೆ ಒಳಗೆ ಧೂಳು, ಮಸುಕು ಕಂಡರೆ ಬೂಷ್ಟು.

ಕ್ಯಾನನ್ ಆದರೆ ಬ್ಯಾಟರಿ ಬಾಗಿಲಿನ ಪ್ಲಾಸ್ಟಿಕ್ ಕೊಂಡಿ ನೋಡಿ. ಒಳಗಿನ ಸ್ಪ್ರಿಂಗು ಅದನ್ನು ಸದಾ ತಳ್ಳುತ್ತಿರುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿದ ಕ್ಯಾಮೆರಾ ಕಂಡರೆ ಕಾರಣ ಅದೇ. ಸೆಲ್ ಕೂರುವ ತಗಡಿನ ಮೇಲೆ ಬಿಳಿ ಅಥವಾ ಹಸಿರು ಪುಡಿಯಿದ್ದರೆ ಹಳೇ ಆಲ್ಕಲೈನ್ ಸೆಲ್ ಸೋರಿದೆ ಎಂದರ್ಥ. ತೆಳ್ಳಗಿದ್ದರೆ ಹತ್ತಿಕಡ್ಡಿಗೆ ಒಂದು ತೊಟ್ಟು ವಿನೆಗರ್ ತಾಗಿಸಿ ಒರೆಸಿದರೆ ಹೋಗುತ್ತದೆ, ತಗಡನ್ನೇ ತಿಂದಿದ್ದರೆ ಬಿಟ್ಟುಬಿಡಿ.

ಹೊಸದೇ ಬೇಕೆಂದರೆ?

ಹಳೆಯದರ ಸಹವಾಸ ಬೇಡ ಎನ್ನುವವರಿಗೂ ದಾರಿಯಿದೆ, ಅಗ್ಗವಲ್ಲ. ಹಳೇ ಕಾಂಪ್ಯಾಕ್ಟ್‌ಗಳ ಗಿರಾಕಿ ಏರಿದ್ದನ್ನು ಕಂಡ ಕ್ಯಾನನ್ 2025ರಲ್ಲಿ ತನ್ನ 2016ರ ಪುಟ್ಟ ಕ್ಯಾಮೆರಾವನ್ನೇ ಚೂರು ತಿದ್ದಿ, ಎಲ್ಫ್ 360 ಎಚ್‌ಎಸ್ ಎ ಎಂಬ ಹೆಸರಲ್ಲಿ ಮತ್ತೆ ಬಿಟ್ಟಿತು. ಮೊದಲು ಬಂದಾಗ 210 ಡಾಲರ್ ಆಸುಪಾಸು ಇದ್ದದ್ದು ಈಗ ಅಮೆರಿಕದಲ್ಲಿ 379. ಎಸ್‌ಡಿ ಹೋಗಿ ಮೈಕ್ರೊ ಎಸ್‌ಡಿ ಬಂದಿದೆ. ಒಂಬತ್ತು ವರ್ಷ ಹಳೇ ಮಾಲಿಗೆ ಹೆಚ್ಚು ಬೆಲೆ ಕೇಳುವ ಧೈರ್ಯ ಸಾಮಾನ್ಯದ್ದಲ್ಲ. ಪೆನ್ಸಿಲ್ ಸೆಲ್ ಹಾಕುವ ಹೊಸ ಕ್ಯಾಮೆರಾವೂ ಇದೆ: ಪಿಕ್ಸ್‌ಪ್ರೊ ಎಫ್‌ಝೆಡ್45. ಅದರಲ್ಲಿ ಸಿಸಿಡಿ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ.

ಹಾಗಾಗಿ ನನ್ನ ತೀರ್ಪು ಕ್ಯಾನನ್ ಎ590 ಕಡೆಗೆ. ಚಿತ್ರದ ಗುಣದಲ್ಲಿ ಇಬ್ಬರ ನಡುವೆ ಜಗಳ ಹಚ್ಚುವಷ್ಟು ವ್ಯತ್ಯಾಸವಿಲ್ಲ. ಮ್ಯಾನ್ಯುಯಲ್ ಮೋಡ್ ಒಂದು ಕಾರಣ, ಅಂಗಡಿಯಲ್ಲಿ ಸಿಗುವ ಸೆಲ್ಲು ಮತ್ತು ಕಾರ್ಡು ಅದಕ್ಕಿಂತ ದೊಡ್ಡ ಕಾರಣ. ಸೋನಿ ಡಬ್ಲ್ಯು120 ಬೇಕೇಬೇಕೆಂದರೆ ಬ್ಯಾಟರಿ, ಚಾರ್ಜರ್, ಮೆಮೊರಿ ಸ್ಟಿಕ್ ಮೂರೂ ಜೊತೆಗಿದ್ದರೆ ಮಾತ್ರ ಕೊಳ್ಳಿ; ಒಂದು ಕೈಬಿಟ್ಟಿದ್ದರೂ ಅದನ್ನು ಹುಡುಕುವ ಖರ್ಚು ಕ್ಯಾಮೆರಾದ ಬೆಲೆಯನ್ನು ಮೀರಬಹುದು.

ಕೊಳ್ಳಲು ಹೊರಡುವ ಮೊದಲು ನಿಮ್ಮ ಮನೆಯ ಅಲ್ಮೆರಾ, ಅಟ್ಟ, ಅಕ್ಕನ ಮನೆಯ ಶೋಕೇಸು ಒಮ್ಮೆ ಜಾಲಾಡಿ. ಸಿಕ್ಕರೆ ಸೆಲ್ ಹಾಕುವ ಮುಂಚೆ ಕಾರ್ಡ್ ಹೊರತೆಗೆದು, ಅದರಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ‘ಫಾರ್ಮ್ಯಾಟ್’ ಬಟನ್ ಅದಾದ ಮೇಲೆ.